ಎರಡು ಹಗಲು, ಒಂದು ರಾತ್ರಿ, ಒಂದು ಸಿನಿಮಾ

ಕಥೆ ಏನು ಎಂದು ಕೇಳುವುದಕ್ಕೆ ಮೊದಲು ಎಷ್ಟು ದಿನದ ಕಾಲ್‌ಶೀಟ್ ಎಂದು ಕೇಳುವುದು ನನ್ನ ಕಸುಬಿನ ಅಭ್ಯಾಸ. ಗಾಂಧಿನಗರದಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿ ದುಡಿದವನಿಗೆ ಯಾವ ಸಿನಿಮಾ ಆದರೂ ಮೊದಲು ಕಾಣುವುದು ಲೆಕ್ಕದ ಪುಸ್ತಕದಲ್ಲಿ. ಯೂನಿಟ್ಟಿನ ಬಾಟಾ, ಜನರೇಟರಿನ ಡೀಸೆಲ್ಲು, ಮಧ್ಯಾಹ್ನದ ಊಟ, ಲೊಕೇಶನ್ ಬಾಡಿಗೆ, ಕೊನೆಗೆ ಮಳೆ ಬಂದು ಹಾಳಾದ ದಿನದ ಖರ್ಚು. ಅಮೆರಿಕದ ರೋಜರ್ ಕಾರ್ಮನ್ ಅವರನ್ನು ನಾನು ನೋಡಿದ್ದೂ ಮೆಚ್ಚಿದ್ದೂ ಆ ಪುಸ್ತಕ ಹಿಡಿದವನ ಕಣ್ಣಿನಿಂದಲೇ.

1959ರ ವರ್ಷಾಂತ್ಯದಲ್ಲಿ, ಬೇರೊಂದು ಚಿತ್ರಕ್ಕೆಂದು ಹಾಕಿ ಇನ್ನೇನು ಕೀಳಬೇಕಿದ್ದ ಒಂದು ಸೆಟ್ಟು ಅವರ ಕಣ್ಣಿಗೆ ಬಿತ್ತು. ಚಿತ್ರಕಥೆಗಾರ ಚಾರ್ಲ್ಸ್ ಗ್ರಿಫಿತ್ ಅದಕ್ಕೆ ಹೊಂದುವಂತೆ ಒಂದು ಕಥೆ ಬರೆದುಕೊಟ್ಟರು. ಹೂವಿನಂಗಡಿಯ ಬಡ ಹುಡುಗನೊಬ್ಬ ಸಾಕಿದ ಗಿಡ ಮನುಷ್ಯರ ರಕ್ತ ಕೇಳತೊಡಗುವ ಕಥೆ. ನಟರಿಗೆ ಮೊದಲೇ ತಾಲೀಮು ಮಾಡಿಸಿ, ಟಿ.ವಿ. ಕಾರ್ಯಕ್ರಮಗಳಲ್ಲಿ ಮಾಡುವಂತೆ ಎರಡು ಕ್ಯಾಮೆರಾ ಒಟ್ಟಿಗೆ ಓಡಿಸಿ, ಒಳಾಂಗಣದ ದೃಶ್ಯಗಳನ್ನೆಲ್ಲ ಎರಡು ಹಗಲು ಒಂದು ರಾತ್ರಿಯಲ್ಲಿ ಮುಗಿಸಿದರು. ಬೀದಿಯ ದೃಶ್ಯಗಳನ್ನು ಒಂದು ಸಣ್ಣ ತಂಡ ಬೇರೆಯಾಗಿ ತೆಗೆದುಕೊಂಡು ಬಂತು. ಒಟ್ಟು ಖರ್ಚು ಸುಮಾರು 30,000 ಡಾಲರ್. ಅದೇ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್'. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತು ನೋವಾದಷ್ಟೂ ಖುಷಿಪಡುವ ರೋಗಿಯಾಗಿ ಅದರಲ್ಲಿ ಬಂದುಹೋಗುವ ಹುಡುಗ ಜಾಕ್ ನಿಕಲ್ಸನ್. ಆ ಚಿತ್ರ 1982ರಲ್ಲಿ ನ್ಯೂಯಾರ್ಕಿನ ಸಂಗೀತ ನಾಟಕವಾಯಿತು, 1986ರಲ್ಲಿ ದೊಡ್ಡ ಬಂಡವಾಳದ ಚಿತ್ರವಾಯಿತು. ನಮ್ಮಲ್ಲಿಯೂ ದಿನೇಶ್ ಬಾಬು 'ಇದು ಸಾಧ್ಯ'ದ ಚಿತ್ರೀಕರಣವನ್ನು ಎರಡು ದಿನ ತುಂಬುವುದರೊಳಗೆ ಮುಗಿಸಿದ್ದನ್ನು ಕನ್ನಡದ ಚಿತ್ರಪ್ರೇಮಿಗಳು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಇಂಥ ಸಾಹಸವನ್ನು ಜನ ಹುಚ್ಚು ಧೈರ್ಯ ಎನ್ನುತ್ತಾರೆ. ಧೈರ್ಯಕ್ಕಿಂತ ಅಲ್ಲಿ ಹೆಚ್ಚಿರುವುದು ಸಿದ್ಧತೆ. ಶೂಟಿಂಗಿನ ದಿನ ಯೋಚಿಸಲು ಕೂತವನಿಗೆ ಎರಡು ದಿನವಲ್ಲ, ಎರಡು ತಿಂಗಳೂ ಸಾಲದು.

ಕಾರ್ಮನ್ ಓದಿದ್ದು ಎಂಜಿನಿಯರಿಂಗ್. 1926ರ ಏಪ್ರಿಲ್ 5ರಂದು ಡೆಟ್ರಾಯಿಟ್‌ನಲ್ಲಿ ಹುಟ್ಟಿದರು, ತಂದೆಯೂ ಎಂಜಿನಿಯರ್. ಸ್ಟ್ಯಾನ್‌ಫರ್ಡ್‌ನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪದವಿ ಪಡೆದು ಒಂದು ವಿದ್ಯುತ್ ಮೋಟಾರು ಕಂಪನಿಗೆ ಸೋಮವಾರ ಸೇರಿ ಗುರುವಾರ ಬಿಟ್ಟರು. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಲ್ಲಿ ಕಾಗದಪತ್ರ ಹೊತ್ತು ತಿರುಗುವ ಹುಡುಗನಾಗಿ ಸೇರಿ, ಆಮೇಲೆ ಬಂದ ಕಥೆಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸಕ್ಕೆ ಏರಿದರು. ಗ್ರೆಗರಿ ಪೆಕ್ ನಟಿಸಿದ 'ದಿ ಗನ್‌ಫೈಟರ್' ಚಿತ್ರಕ್ಕೆ ತಾವು ಕೊಟ್ಟ ಸಲಹೆಗಳ ಶ್ರೇಯ ಮೇಲಿನವರ ಪಾಲಾದಾಗ ಬೇಸತ್ತು ಹೊರಬಂದರು. ಆಕ್ಸ್‌ಫರ್ಡ್‌ನಲ್ಲಿ ಸ್ವಲ್ಪ ಕಾಲ ಇಂಗ್ಲಿಷ್ ಸಾಹಿತ್ಯ ಓದಿ ಮರಳಿದವರು ಮತ್ತೆ ಹಿಡಿದದ್ದು ಸಿನಿಮಾವನ್ನೇ.

ಮೊದಲ ನಿರ್ಮಾಣ 1954ರ 'ಮಾನ್‌ಸ್ಟರ್ ಫ್ರಮ್ ದಿ ಓಶನ್ ಫ್ಲೋರ್'. ಕೈಯಲ್ಲಿದ್ದದ್ದು ಸುಮಾರು 12,000 ಡಾಲರ್, ಕಥೆಗೆ ಬೇಕಿದ್ದದ್ದು ಜಲಾಂತರ್ಗಾಮಿ. ಒಬ್ಬನೇ ಕೂತು ನಡೆಸುವ ಪುಟ್ಟ ಜಲಾಂತರ್ಗಾಮಿಯೊಂದನ್ನು ಒಂದು ಕಂಪನಿ ತಯಾರಿಸಿದೆ ಎಂದು ಪತ್ರಿಕೆಯಲ್ಲಿ ಓದಿ, ಅವರಿಗೇ ಫೋನ್ ಮಾಡಿ, ಪ್ರಚಾರ ಸಿಗುತ್ತದೆಂದು ಒಪ್ಪಿಸಿ ಪುಕ್ಕಟೆಯಾಗಿ ತಂದರು. ಸಾಮಾನಿನ ಲಾರಿಯನ್ನು ನಿರ್ಮಾಪಕರೇ ಓಡಿಸಿದರು. ನನಗೆ ಅವರ ಮೇಲೆ ಮೊದಲು ಪ್ರೀತಿ ಹುಟ್ಟಿದ್ದು ಈ ವಿವರ ಓದಿದಾಗ. ನಿರ್ಮಾಪಕ ತಾನೇ ಲಾರಿಯಲ್ಲಿ ಕೂತರೆ ಯೂನಿಟ್ಟಿನ ಯಾರೊಬ್ಬರೂ ಆ ದಿನ ತಡವಾಗಿ ಬರುವುದಿಲ್ಲ.

ಇಂಥ ಚಿತ್ರಗಳಿಗೆ ಆಗ ಮಾರುಕಟ್ಟೆ ಇದ್ದದ್ದು ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು ಚಿತ್ರಮಂದಿರಗಳನ್ನೂ ತಮ್ಮ ಕೈಯಲ್ಲಿ ಇಟ್ಟುಕೊಳ್ಳಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಟಿ.ವಿ. ಮನೆಮನೆಗೆ ಬಂತು. ಸ್ಟುಡಿಯೊಗಳು ಚಿತ್ರಗಳ ಸಂಖ್ಯೆ ಇಳಿಸಿದವು. ಊರೂರಿನ ಸಣ್ಣ ಮಂದಿರಗಳಿಗೂ, ಕಾರಿನಲ್ಲಿ ಕೂತೇ ನೋಡುವ ಬಯಲು ಮಂದಿರಗಳಿಗೂ ವಾರವಾರ ಹೊಸ ಚಿತ್ರ ಬೇಕಿತ್ತು. 1950ರ ದಶಕದ ಕೊನೆಗೆ ಅಂಥ ಬಯಲು ಮಂದಿರಗಳೇ ಸುಮಾರು 4,000 ಇದ್ದವು, ಅಲ್ಲಿ ತುಂಬುತ್ತಿದ್ದವರು ಹರೆಯದ ಹುಡುಗ ಹುಡುಗಿಯರು. ಅವರಿಗೆ ತಾರೆಯರ ಹೆಸರಿಗಿಂತ ಪೋಸ್ಟರಿನ ಮೇಲಿನ ದೈತ್ಯ ಮುಖ್ಯ. ಹೀಗೆ ಒಂದು ಕುತೂಹಲವನ್ನು, ಭಯವನ್ನು, ಪತ್ರಿಕೆಯಲ್ಲಿ ಬಿಸಿಯಾಗಿರುವ ಒಂದು ಸುದ್ದಿಯನ್ನು, ಇಲ್ಲವೇ ಮೈಬಿಚ್ಚುವ ದೃಶ್ಯಗಳನ್ನು ಮುಂದಿಟ್ಟು ಮಾರುವ ಚಿತ್ರಗಳನ್ನೇ ಎಕ್ಸ್‌ಪ್ಲಾಯ್ಟೇಶನ್ ಚಿತ್ರಗಳೆಂದು ಕರೆಯುವುದು.

ಜೇಮ್ಸ್ ನಿಕಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಎಂಬಿಬ್ಬರು ಆಗಷ್ಟೇ ಕಟ್ಟಿದ್ದ, ಮುಂದೆ ಅಮೆರಿಕನ್ ಇಂಟರ್‌ನ್ಯಾಶನಲ್ ಪಿಕ್ಚರ್ಸ್ ಎಂದು ಹೆಸರಾದ ಸಂಸ್ಥೆ ಈ ಸೂತ್ರ ಹಿಡಿದು ಬೆಳೆಯಿತು. ಮೊದಲು ಶೀರ್ಷಿಕೆ, ಆಮೇಲೆ ಪೋಸ್ಟರು, ಅದು ಮಂದಿರದ ಮಾಲೀಕರಿಗೆ ಹಿಡಿಸಿದರೆ ಕೊನೆಗೆ ಕಥೆ. ಜೊತೆ ಚಿತ್ರಗಳ ಆಟದಲ್ಲಿ ಎರಡನೆಯ ಚಿತ್ರಕ್ಕೆ ಬರೀ ನಿಗದಿತ ಬಾಡಿಗೆ ಸಿಗುತ್ತಿತ್ತು, ಗಳಿಕೆಯಲ್ಲಿ ಪಾಲಿಲ್ಲ. ಅದಕ್ಕೆ ಅವರು ಎರಡೂ ಚಿತ್ರಗಳನ್ನು ತಾವೇ ಕೊಡತೊಡಗಿದರು. ಕಾರ್ಮನ್ ತಮ್ಮ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಚಿತ್ರವನ್ನು ದೊಡ್ಡ ಕಂಪನಿಗಳಿಗೆ ಮಾರಬಹುದಿತ್ತು. ಅಲ್ಲಿಗೆ ಕೊಟ್ಟರೆ ಹಾಕಿದ ಹಣ ತಿರುಗಿ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು, ಅಷ್ಟು ದಿನ ಮುಂದಿನ ಚಿತ್ರ ನಿಂತಿರಬೇಕು. ಆದ್ದರಿಂದ ಮುಂಗಡ ಸಿಗುವ ಹಾಗೆ ಹಲವು ಚಿತ್ರಗಳ ಒಪ್ಪಂದವನ್ನು ಈ ಸಣ್ಣವರ ಜೊತೆ ಮಾಡಿಕೊಂಡರು. ಇಂದು ನಮ್ಮ ಹುಡುಗರೆಲ್ಲ ನೋಡುವ ಅದೇ ಹೆಸರಿನ ಕಾರು ಚಿತ್ರಗಳ ಸರಣಿಗೆ ಶೀರ್ಷಿಕೆ ಹೋದದ್ದು ಕಾರ್ಮನ್ ಅವರ ಚಿತ್ರದಿಂದಲೇ.

1955ರಲ್ಲಿ ನಿರ್ದೇಶನಕ್ಕೂ ಇಳಿದರು. ಅಲ್ಲಿಂದ ಏಡಿ ದೈತ್ಯರು, ಶುಕ್ರಗ್ರಹದ ರಾಕ್ಷಸ, ಗ್ಯಾಂಗ್‌ಸ್ಟರುಗಳು, ಚಿತ್ರದ ಮೇಲೆ ಚಿತ್ರ. ಅವನ್ನೆಲ್ಲ ಹೆಸರಿಸುತ್ತ ಕೂರುವುದಿಲ್ಲ, ಎಷ್ಟೋ ಚಿತ್ರಗಳು ಅಷ್ಟಕ್ಕಷ್ಟೆ. ನಿಲ್ಲಬೇಕಾದ್ದು 1960ರ 'ಹೌಸ್ ಆಫ್ ಅಷರ್' ಹತ್ತಿರ.

ಹತ್ತು ದಿನದ ಕಪ್ಪುಬಿಳುಪು ಚಿತ್ರ ಎರಡು ಮಾಡುವ ಬದಲು ಹದಿನೈದು ದಿನದ ಒಂದೇ ಬಣ್ಣದ ಚಿತ್ರ ಮಾಡೋಣ, ಎಡ್ಗರ್ ಅಲನ್ ಪೋ ಕಥೆಯನ್ನು ತೆಗೆದುಕೊಳ್ಳೋಣ ಎಂದು ಕಾರ್ಮನ್ ಒತ್ತಾಯಿಸಿದರು. ಇದರಲ್ಲಿ ದೈತ್ಯ ಎಲ್ಲಿ ಎಂದು ಕಂಪನಿಯವರು ಕೇಳಿದರು. ಮನೆಯೇ ದೈತ್ಯ ಎಂಬುದು ಅವರ ಉತ್ತರ. ಹಾಲಿವುಡ್ ಗುಡ್ಡಗಳಲ್ಲಿ ಕಾಡ್ಗಿಚ್ಚು ಹೊತ್ತಿತ್ತೆಂದು ತಿಳಿದು, ಬೂದಿ ಮುಚ್ಚಿದ ಆ ನೆಲದಲ್ಲೇ ನಾಯಕ ಕುದುರೆ ಏರಿ ಬರುವ ಮೊದಲ ದೃಶ್ಯ ತೆಗೆದರು. ಕೆಡವಲಿದ್ದ ಹಳೆಯ ಕಣಜವೊಂದನ್ನು ಮಾಲೀಕನಿಗೆ ಅಷ್ಟಿಷ್ಟು ಕೊಟ್ಟು ರಾತ್ರಿ ಸುಟ್ಟು, ಮನೆ ಉರಿದು ಬೀಳುವ ದೃಶ್ಯಕ್ಕೆ ಬಳಸಿಕೊಂಡರು. ಆ ಬೆಂಕಿ ಮುಂದಿನ ಪೋ ಚಿತ್ರಗಳಲ್ಲಿಯೂ ಮತ್ತೆ ಮತ್ತೆ ಉರಿಯಿತು. ಕಲಾ ನಿರ್ದೇಶಕ ಡೇನಿಯಲ್ ಹ್ಯಾಲರ್ ಹಳೆಯ ಸೆಟ್ಟಿನ ತುಂಡುಗಳನ್ನು ಜೋಡಿಸಿ ಅರಮನೆ ಕಟ್ಟಿದರು. ಕ್ಯಾಮೆರಾ ಹಿಂದೆ ಇದ್ದ ಫ್ಲಾಯ್ಡ್ ಕ್ರಾಸ್ಬಿ 'ಟಾಬು' ಚಿತ್ರಕ್ಕೆ ಆಸ್ಕರ್ ಪಡೆದವರು. ವಿನ್ಸೆಂಟ್ ಪ್ರೈಸ್ ಮುಖ್ಯ ಪಾತ್ರದಲ್ಲಿ. ನನ್ನ ಕಸುಬಿನವರು ಈ ಚಿತ್ರವನ್ನು ಎರಡು ಸಲ ನೋಡಬೇಕು, ಒಂದು ಸಲ ಕಥೆಗೆ, ಇನ್ನೊಂದು ಸಲ ಹಣ ಎಲ್ಲಿ ಹೋಗಿದೆ, ಎಲ್ಲಿ ಹೋಗಿಲ್ಲ ಎಂದು ಪತ್ತೆ ಹಚ್ಚಲು. ಪೋ ಹೆಸರಿನ ಆ ಸರಣಿಯಲ್ಲಿ ಎಂಟು ಚಿತ್ರಗಳು ಬಂದವು. 1964ರಲ್ಲಿ ಇಂಗ್ಲೆಂಡಿನಲ್ಲಿ ತೆಗೆದ 'ದಿ ಮಾಸ್ಕ್ ಆಫ್ ದಿ ರೆಡ್ ಡೆತ್' ನನ್ನ ಮಟ್ಟಿಗೆ ಅವುಗಳಲ್ಲೆಲ್ಲ ಮೇಲು. ಅದರ ಬಣ್ಣಗಳನ್ನು ಕ್ಯಾಮೆರಾದಲ್ಲಿ ಹಿಡಿದವರು ನಿಕಲಸ್ ರೋಗ್.

ಈ ನಡುವೆ ಕಾರ್ಮನ್ ಮಾಡಿದ ಒಂದು ಚಿತ್ರದ ಬಗ್ಗೆ ಹೇಳಲೆಂದೇ ನಾನು ಈ ಬರಹಕ್ಕೆ ಕೂತಿದ್ದು. ಅದು 1962ರ 'ದಿ ಇಂಟ್ರೂಡರ್'. ಕಪ್ಪು ಜನರ ಮಕ್ಕಳನ್ನೂ ಬಿಳಿಯರ ಶಾಲೆಗೆ ಸೇರಿಸಬೇಕೆಂಬ ಕೋರ್ಟಿನ ಆದೇಶ ಅಮೆರಿಕದ ದಕ್ಷಿಣವನ್ನು ಹೊತ್ತಿಸಿದ್ದ ಕಾಲ. ಬಿಳಿ ಸೂಟು ತೊಟ್ಟ, ಮಾತಿನ ಮಲ್ಲನೊಬ್ಬ ಸಣ್ಣ ಊರಿಗೆ ಬಂದಿಳಿದು ಜನರನ್ನು ಎತ್ತಿಕಟ್ಟುತ್ತಾನೆ. ಆ ಪಾತ್ರ ವಿಲಿಯಂ ಶಾಟ್ನರ್ ಅವರದು, 'ಸ್ಟಾರ್ ಟ್ರೆಕ್' ಬರುವುದಕ್ಕೆ ಇನ್ನೂ ಕೆಲವು ವರ್ಷವಿತ್ತು. ಕಥೆ ಚಾರ್ಲ್ಸ್ ಬೋಮಾಂಟ್ ಅವರ ಕಾದಂಬರಿ. ಯಾವ ಕಂಪನಿಯೂ ಹಣ ಹಾಕಲು ಒಪ್ಪಲಿಲ್ಲ. ಕಾರ್ಮನ್ ಮತ್ತು ತಮ್ಮ ಜೀನ್ ಸ್ವಂತ ಹಣ ಸುರಿದರು. ಮಿಸ್ಸೂರಿ ರಾಜ್ಯದ ಆಗ್ನೇಯ ಮೂಲೆಯ ಊರುಗಳಿಗೆ ಹೋಗಿ, ಅಲ್ಲಿನ ಜನರನ್ನೇ ನಟರನ್ನಾಗಿ ಸೇರಿಸಿಕೊಂಡು ಶೂಟಿಂಗ್ ನಡೆಸಿದರು. ಪೂರ್ತಿ ಚಿತ್ರಕಥೆಯನ್ನು ಊರವರಿಗೆ ತೋರಿಸಲಿಲ್ಲ. ವಿಷಯ ಬಯಲಾಗುತ್ತಿದ್ದಂತೆ ಬೆದರಿಕೆಗಳು ಬಂದವು, ಒಂದೆಡೆಯಿಂದ ಓಡಿಸಿದರೆ ಇನ್ನೊಂದೆಡೆ ಹೋಗಿ ಉಳಿದದ್ದನ್ನು ತೆಗೆದರು.

ಊರಿನ ಜನ ತಿರುಗಿಬಿದ್ದಾಗ ಕ್ಯಾಮೆರಾ ಪೆಟ್ಟಿಗೆ ಹೊತ್ತು ಹೊರಡುವುದು ಹೇಗಿರುತ್ತದೆಂದು ಔಟ್‌ಡೋರ್ ಮಾಡಿದವರೆಲ್ಲ ಬಲ್ಲರು. ಆ ಭಯದ ನಡುವೆ ತೆಗೆದ ಚಿತ್ರದಲ್ಲಿ ಕೋರ್ಟಿನ ಮೆಟ್ಟಿಲ ಮೇಲಿನ ಭಾಷಣದ ದೃಶ್ಯವಿದೆ. ಕೇಳುತ್ತ ನಿಂತ ಮುಖಗಳು ಆ ಊರಿನವರದೇ. ದ್ವೇಷದ ಮಾತಿಗೆ ಸಾಧಾರಣ ಮುಖಗಳು ಮೆಲ್ಲಗೆ ಬಿಸಿಯೇರುವುದನ್ನು ಇಷ್ಟು ನೇರವಾಗಿ ತೋರಿಸಿದ ಅಮೆರಿಕನ್ ಚಿತ್ರ ಆ ಕಾಲದ್ದು ಇನ್ನೊಂದನ್ನು ನಾನು ನೋಡಿಲ್ಲ. ವಿಮರ್ಶಕರು ಹೊಗಳಿದರು, ಜನ ಬರಲಿಲ್ಲ. ಹಾಕಿದ ಹಣ ಕಳೆದುಹೋಯಿತು. ತಾನು ಪಾಠ ಹೇಳಲು ಹೋದೆ, ಜನ ಸಿನಿಮಾ ನೋಡಲು ಬಂದಿದ್ದರು ಎಂಬ ಅರ್ಥದಲ್ಲಿ ಅವರು ಮುಂದೆ ಹೇಳಿಕೊಂಡರು. ಇನ್ನು ಮುಂದೆ ಮೇಲೆ ಮನರಂಜನೆ, ಒಳಗೆ ತನ್ನ ಮಾತು ಎಂದು ನಿಶ್ಚಯಿಸಿದರು. ಆ ನಿಶ್ಚಯದ ಫಲ 1975ರಲ್ಲಿ ಅವರು ನಿರ್ಮಿಸಿದ 'ಡೆತ್ ರೇಸ್ 2000'. ದಾರಿಹೋಕರ ಮೇಲೆ ಕಾರು ಹರಿಸಿದರೆ ಅಂಕ ಕೊಡುವ ಓಟ, ಅದನ್ನು ತೋರಿಸಿ ಜನರನ್ನು ಮರುಳುಗೊಳಿಸುವ ಸರ್ವಾಧಿಕಾರಿ. ಕಾರಿನ ಅಬ್ಬರ ನೋಡಲು ಬಂದವರು ಸರ್ವಾಧಿಕಾರಿಯ ಗೇಲಿಯನ್ನೂ ಜೊತೆಗೇ ನೋಡಿ ಹೋದರು. ಆದರೂ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದೇ ಇದೆ. 'ದಿ ಇಂಟ್ರೂಡರ್' ಗೆದ್ದಿದ್ದರೆ ಅವರು ಎಂಥೆಂಥ ಚಿತ್ರಗಳನ್ನು ಮಾಡುತ್ತಿದ್ದರೋ! ಅವರ ಆತ್ಮಕಥೆಯ ಶೀರ್ಷಿಕೆಯಲ್ಲಿ, ನೂರು ಚಿತ್ರ ಮಾಡಿ ಒಂದು ಕಾಸೂ ಕಳೆದುಕೊಳ್ಳದ ಹೆಮ್ಮೆ ಇದೆ. ನನಗೆ ಆ ಮನುಷ್ಯನ ಬಗ್ಗೆ ಗೌರವ ಹೆಚ್ಚಿದ್ದು ಕಾಸು ಕಳೆದ ಈ ಚಿತ್ರದಿಂದ.

ಮೋಟಾರ್ ಸೈಕಲ್ ಪುಂಡರ 'ದಿ ವೈಲ್ಡ್ ಏಂಜೆಲ್ಸ್' (1966), ಅಮಲಿನ ಲೋಕ ತೋರಿಸುವ 'ದಿ ಟ್ರಿಪ್' (1967) ಹಣ ತಂದವು. ಎರಡನೆಯದನ್ನು ಬರೆದವರು ಅದೇ ಜಾಕ್ ನಿಕಲ್ಸನ್. ಆದರೆ ಅಮೆರಿಕನ್ ಇಂಟರ್‌ನ್ಯಾಶನಲ್‌ನವರು ಕೇಳದೆಯೇ ಚಿತ್ರಕ್ಕೆ ಕತ್ತರಿ ಹಾಕುವುದು, ತಮ್ಮದೊಂದು ಎಚ್ಚರಿಕೆ ಸೇರಿಸುವುದು ಹೆಚ್ಚಾದಾಗ 1970ರಲ್ಲಿ ಕಾರ್ಮನ್ ನ್ಯೂ ವರ್ಲ್ಡ್ ಪಿಕ್ಚರ್ಸ್ ಎಂಬ ಸ್ವಂತ ನಿರ್ಮಾಣ ಮತ್ತು ಹಂಚಿಕೆ ಸಂಸ್ಥೆ ಕಟ್ಟಿದರು. ಅದೇ ವರ್ಷ ಮದುವೆಯಾದ ಜೂಲಿ ಕಾರ್ಮನ್ ಕೂಡ ಮುಂದೆ ನಿರ್ಮಾಪಕಿಯಾದರು.

ಆ ಸಂಸ್ಥೆಯ ಕೆಲಸದ ಮನೆಯಲ್ಲಿ ಪಳಗಿದವರ ಹೆಸರು ಕೇಳಿದರೆ ಅರ್ಧ ಹಾಲಿವುಡ್ ನೆನಪಾಗುತ್ತದೆ. ಅದಕ್ಕೂ ಮುಂಚೆ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ, ಕಾರ್ಮನ್ ಜೊತೆ ಯುರೋಪಿಗೆ ಶಬ್ದಗ್ರಾಹಕನಾಗಿ ಹೋಗಿ, ಅದೇ ಸಲಕರಣೆ ಇಟ್ಟುಕೊಂಡು ಐರ್ಲೆಂಡಿನಲ್ಲಿ 'ಡಿಮೆನ್ಷಿಯಾ 13' ತೆಗೆದಿದ್ದರು. ಮಾರ್ಟಿನ್ ಸ್ಕಾರ್ಸೇಸಿ 1972ರಲ್ಲಿ ಕಾರ್ಮನ್ ನಿರ್ಮಾಣದಲ್ಲಿ 'ಬಾಕ್ಸ್‌ಕಾರ್ ಬರ್ತಾ' ಮಾಡಿದರು. ಮೊದಲ ರೀಲು ಗಟ್ಟಿಯಿರಲಿ, ಕೊನೆಯ ರೀಲು ಗಟ್ಟಿಯಿರಲಿ ಎಂದು ಕಾರ್ಮನ್ ಹೇಳಿಕೊಟ್ಟದ್ದನ್ನು ಸ್ಕಾರ್ಸೇಸಿ ನೆನೆಯುತ್ತಾರೆ. ಮರುವರ್ಷದ 'ಮೀನ್ ಸ್ಟ್ರೀಟ್ಸ್' ಚಿತ್ರಕ್ಕೆ ಅವರು ಆ ತಂಡದ ಹಲವರನ್ನೇ ಕರೆದುಕೊಂಡರು. ಜೋನಥನ್ ಡೆಮ್ಮಿ, ಜೋ ಡಾಂಟೆ, ರಾನ್ ಹವರ್ಡ್ ಎಲ್ಲರೂ ಇಲ್ಲಿ ಕೈ ಕುದುರಿಸಿಕೊಂಡವರೇ. ವೆನಿಸ್ ಬಡಾವಣೆಯ ಹಳೆಯ ಮರದ ಅಡ್ಡೆಯೇ ಅವರ ಸ್ಟುಡಿಯೊ. ಅಲ್ಲಿ ಹ್ಯಾಂಬರ್ಗರ್ ಕಟ್ಟಿಕೊಡುವ ಥರ್ಮೊಕೋಲ್ ಡಬ್ಬಿಗಳನ್ನು ಗೋಡೆಗೆ ಅಂಟಿಸಿ ಆಕಾಶನೌಕೆಯ ಒಳಗೋಡೆ ಮಾಡಿದ ತಂಡದಲ್ಲಿ ಜೇಮ್ಸ್ ಕ್ಯಾಮರೂನ್ ಇದ್ದರು. 1981ರ 'ಗ್ಯಾಲಕ್ಸಿ ಆಫ್ ಟೆರರ್' ಚಿತ್ರಕ್ಕೆ ಕತ್ತರಿಸಿದ ತೋಳಿನ ಮೇಲೆ ಹುಳ ಹರಿದಾಡಬೇಕು, ಹುಳ ಮಿಸುಕುತ್ತಿಲ್ಲ. ಅವರು ತಂತಿ ಎಳೆಸಿ ಸಣ್ಣಗೆ ಕರೆಂಟು ಕೊಡಿಸಿದರು. ಆಕ್ಷನ್ ಎಂದೊಡನೆ ಹುಳಗಳು ಕುಣಿದವು, ಕಟ್ ಎಂದೊಡನೆ ನಿಂತವು. ಅದನ್ನು ನೋಡುತ್ತ ನಿಂತಿದ್ದ ಹೊರಗಿನ ನಿರ್ಮಾಪಕರು, ಹುಳವನ್ನೇ ನಿರ್ದೇಶಿಸುವವನು ನಟರನ್ನು ಬಿಟ್ಟಾನೆಯೇ ಎಂದುಕೊಂಡು ಅವರಿಗೆ ಚಿತ್ರ ಕೊಟ್ಟರಂತೆ.

ಇದೇ ಸಂಸ್ಥೆ ಇಂಗ್ಮಾರ್ ಬರ್ಗ್‌ಮನ್ನರ 'ಕ್ರೈಸ್ ಅಂಡ್ ವಿಸ್ಪರ್ಸ್' ಚಿತ್ರವನ್ನು ಅಮೆರಿಕದಲ್ಲಿ ಹಂಚಿತು. ಬೇರೆಯವರು ಮುಟ್ಟಲು ಹಿಂದೆಮುಂದೆ ನೋಡಿದ ಚಿತ್ರವದು. ಕಾರ್ಮನ್ ಅದನ್ನು ಕಾರಿನ ಬಯಲು ಮಂದಿರಗಳಲ್ಲೂ ಹಾಕಿಸಿದರು. ಅದು ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು, ಛಾಯಾಗ್ರಹಣದ ಪ್ರಶಸ್ತಿ ಗೆದ್ದಿತು. ಫೆಲಿನಿಯ 'ಅಮಾರ್‌ಕಾರ್ಡ್', ಕುರೊಸಾವಾ ಅವರ 'ಡೆರ್ಸು ಉಜಾಲಾ' ಕೂಡ ಅಮೆರಿಕದ ಜನರಿಗೆ ತಲುಪಿದ್ದು ಈ ಹಂಚಿಕೆಯಿಂದ. ಒಳ್ಳೆಯ ಚಿತ್ರ ಮಾಡಿ ಬಿಡುಗಡೆಗೆ ಮಂದಿರ ಸಿಗದೆ ಅಲೆದ ಕನ್ನಡದ ನಿರ್ಮಾಪಕರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಾಗಾಗಿ ಕಾರ್ಮನ್ ಮಾಡಿದ ಎಲ್ಲ ಕೆಲಸಗಳಲ್ಲಿ ಈ ಹಂಚಿಕೆಗೆ ನಾನು ಮೊದಲು ಕೈ ಮುಗಿಯುತ್ತೇನೆ.

ಇನ್ನೊಂದು ಮುಖವನ್ನೂ ಹೇಳಬೇಕು. ಫಿಲಿಪೀನ್ಸ್‌ನಲ್ಲಿ ಅಗ್ಗವಾಗಿ ತೆಗೆದ ಹೆಂಗಸರ ಜೈಲಿನ ಚಿತ್ರಗಳು ಆ ಸಂಸ್ಥೆಯ ದೊಡ್ಡ ಗಳಿಕೆ. ಪ್ಯಾಮ್ ಗ್ರಿಯರ್ ಎಂಬ ಧೀಮಂತ ನಟಿ ಬೆಳಕಿಗೆ ಬಂದದ್ದು 'ದಿ ಬಿಗ್ ಡಾಲ್ ಹೌಸ್'ನಿಂದ, ಒಪ್ಪಿದೆ. ಬೇರೆಡೆ ಹೆಂಗಸರಿಗೆ ನಿರ್ದೇಶನ ಸಿಗುವುದು ಅಪರೂಪವಾಗಿದ್ದ ಕಾಲದಲ್ಲಿ ಸ್ಟೆಫನಿ ರಾಥ್‌ಮನ್, ಬಾರ್ಬರಾ ಪೀಟರ್ಸ್, ಏಮಿ ಹೋಲ್ಡನ್ ಜೋನ್ಸ್ ಅವರಿಗೆ ಕಾರ್ಮನ್ ಚಿತ್ರ ಕೊಟ್ಟರು, ಅದೂ ನಿಜ. ಆದರೆ 1980ರ 'ಹ್ಯೂಮನಾಯ್ಡ್ಸ್ ಫ್ರಮ್ ದಿ ಡೀಪ್' ಚಿತ್ರವನ್ನು ಪೀಟರ್ಸ್ ಮುಗಿಸಿಕೊಟ್ಟ ಮೇಲೆ, ಹೆಣ್ಣಿನ ಮೇಲಿನ ಅತ್ಯಾಚಾರದ ದೃಶ್ಯಗಳನ್ನು ಬೇರೆಯವರಿಂದ ತೆಗೆಸಿ ಸೇರಿಸಲಾಯಿತು. ತನ್ನ ಹೆಸರು ತೆಗೆಯಿರಿ ಎಂದು ಪೀಟರ್ಸ್ ಕೇಳಿದರು, ತೆಗೆಯಲಿಲ್ಲ. ಇದನ್ನು ನಾನು ಯಾವ ಲೆಕ್ಕದಲ್ಲೂ ಸರಿ ಎನ್ನಲಾರೆ. ತನ್ನ ಚಿತ್ರಕ್ಕೆ ಕತ್ತರಿ ಹಾಕಿದರೆಂದು ಕಂಪನಿ ಬಿಟ್ಟು ಬಂದ ಮನುಷ್ಯನೇ ಇನ್ನೊಬ್ಬರ ಚಿತ್ರಕ್ಕೆ ಹಾಗೆ ಮಾಡಿದ್ದು ನೋವಿನ ಸಂಗತಿ. ಕೂಲಿಯ ವಿಷಯದಲ್ಲೂ ಹಾಗೆಯೇ. ಕಡಿಮೆ ಹಣಕ್ಕೆ ದುಡಿದ ಕೊಪ್ಪೊಲಾಗೆ, ಕ್ಯಾಮರೂನ್‌ಗೆ ಅದು ಕಲಿಕೆಯಾಯಿತು. ಅದೇ ರಾತ್ರಿಗಳಲ್ಲಿ ಲೈಟು ಹೊತ್ತವರಿಗೆ ಅದು ಬರೀ ಕಡಿಮೆ ಕೂಲಿ.

'ಜಾಸ್', 'ಸ್ಟಾರ್ ವಾರ್ಸ್' ಬಂದ ಮೇಲೆ ದೊಡ್ಡ ಸ್ಟುಡಿಯೊಗಳೇ ದೈತ್ಯರ ಕಥೆಗೆ, ಆಕಾಶದ ಕಥೆಗೆ ಕೋಟಿಗಟ್ಟಲೆ ಸುರಿಯತೊಡಗಿದವು. ಸಣ್ಣವರ ಸರಕು ಕೈತಪ್ಪಿತು. 1983ರಲ್ಲಿ ನ್ಯೂ ವರ್ಲ್ಡ್ ಸಂಸ್ಥೆಯನ್ನು 1.65 ಕೋಟಿ ಡಾಲರಿಗೆ ಮಾರಿ, ಮತ್ತೊಂದು ಸಂಸ್ಥೆ ಕಟ್ಟಿ, ವಿಡಿಯೊ ಕ್ಯಾಸೆಟ್ಟಿಗೆ, ಆಮೇಲೆ ಕೇಬಲ್ ಚಾನೆಲ್ಲುಗಳಿಗೆ ಚಿತ್ರ ಒದಗಿಸುತ್ತ ಹೋದರು. ಶಿಷ್ಯರು ಮರೆಯಲಿಲ್ಲ. 'ದಿ ಗಾಡ್‌ಫಾದರ್' ಎರಡನೆಯ ಭಾಗದಲ್ಲಿ ಸೆನೆಟರ್ ಆಗಿ, 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್'ನಲ್ಲಿ ಎಫ್‌ಬಿಐ ಮುಖ್ಯಸ್ಥನಾಗಿ ಒಂದು ಗಳಿಗೆ ಕಾಣಿಸುವವರು ಅವರೇ. 2009ರಲ್ಲಿ ಗೌರವ ಆಸ್ಕರ್ ಬಂತು. 2024ರ ಮೇ 9ರಂದು ತೀರಿಕೊಂಡಾಗ 98 ವರ್ಷ.

ಸಿನಿಮಾ ಮಾಡುವ ಆಸೆ ಹೊತ್ತು ಬರುವ ಹುಡುಗರಿಗೆ ನಾನು ಅವರ ಎರಡು ಚಿತ್ರಗಳನ್ನು ಒಂದರ ಬೆನ್ನಿಗೆ ಒಂದು ನೋಡಲು ಹೇಳುತ್ತೇನೆ. ಒಂದು 1963ರ 'ದಿ ಟೆರರ್'. 'ದಿ ರೇವನ್' ಚಿತ್ರದ ಸೆಟ್ಟು ಇನ್ನೂ ನಿಂತಿತ್ತು, ಬೋರಿಸ್ ಕಾರ್ಲಾಫ್ ಅವರ ಕೆಲವು ದಿನ ಸಿಕ್ಕವು. ಕಥೆ ಪೂರ್ತಿಯಾಗುವ ಮೊದಲೇ ಅವರ ದೃಶ್ಯಗಳನ್ನೆಲ್ಲ ತೆಗೆದರು. ಉಳಿದದ್ದನ್ನು ಕೊಪ್ಪೊಲಾ, ಮಾಂಟಿ ಹೆಲ್‌ಮನ್, ಜಾಕ್ ಹಿಲ್, ನಟನಾಗಿದ್ದ ನಿಕಲ್ಸನ್ ಸಹ ತುಂಡುತುಂಡಾಗಿ ತೆಗೆದು ಜೋಡಿಸಿದರು. ತಲೆಬುಡ ಹತ್ತದ ಚಿತ್ರ. ಕಾರ್ಲಾಫ್ ಇನ್ನೂ ಎರಡು ದಿನದ ಕಾಲ್‌ಶೀಟ್ ಕೊಡುವುದು ಬಾಕಿ ಉಳಿಯಿತು. ಕೆಲವು ವರ್ಷದ ಮೇಲೆ ಕಾರ್ಮನ್ ಅದನ್ನು ಪೀಟರ್ ಬೊಗ್ಡಾನೊವಿಚ್ ಎಂಬ ಹೊಸಬನ ಕೈಗಿಟ್ಟು, ಈ ಎರಡು ದಿನದಲ್ಲಿ ಇಪ್ಪತ್ತು ನಿಮಿಷ ತೆಗೆ, 'ದಿ ಟೆರರ್'ನಿಂದ ಇಪ್ಪತ್ತು ನಿಮಿಷ ತಗೋ, ಉಳಿದದ್ದನ್ನು ಬೇರೆ ನಟರೊಡನೆ ಮುಗಿಸು ಎಂದರು. ಹಾಗೆ ಹುಟ್ಟಿದ್ದು 1968ರ 'ಟಾರ್ಗೆಟ್ಸ್'. ಕಾರ್ಲಾಫ್ ಅದರಲ್ಲಿ ನಿವೃತ್ತಿಗೆ ನಿಂತ ಹಳೆಯ ಭಯಾನಕ ಚಿತ್ರಗಳ ನಟ. ಇನ್ನೊಂದು ಕಡೆ ಕಾರಣವೇ ಇಲ್ಲದೆ ಜನರ ಮೇಲೆ ಗುಂಡು ಹಾರಿಸುತ್ತ ಹೋಗುವ, ನೋಡಲು ಸಭ್ಯನಾದ ಹುಡುಗ. ಕಥೆ ಹಿಡಿಸಿ ಕಾರ್ಲಾಫ್ ಬಾಕಿಯಿದ್ದ ಎರಡು ದಿನಕ್ಕಿಂತ ಹೆಚ್ಚೇ ದುಡಿದರು. ಕೊನೆಯ ದೃಶ್ಯ ನಡೆಯುವುದು ಕಾರಿನ ಬಯಲು ಮಂದಿರದಲ್ಲಿ, ಪರದೆಯ ಮೇಲೆ ಓಡುತ್ತಿರುವುದು 'ದಿ ಟೆರರ್', ಕೊಲೆಗಾರ ಅದೇ ಪರದೆಯ ಹಿಂದಿನಿಂದ ಗುರಿ ಇಡುತ್ತಾನೆ. 'ದಿ ಟೆರರ್'ಗೆ ಈಗ ಹಕ್ಕುದಾರರಿಲ್ಲ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಅದನ್ನೇ ನೋಡಿ, ಬೇಸರವಾದರೂ ಪೂರ್ತಿ ನೋಡಿ, ಆಮೇಲೆ 'ಟಾರ್ಗೆಟ್ಸ್' ಹಾಕಿ.